ಕಂಚಣ್ಣನ ಹೆಡ್‌ಫೋನ್

ವೈರಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನ ಮೊದಲ ಅಕ್ಷರಕ್ಕೇ ಅವಳ ನಾಲಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದುದರಿಂದ, ಯಾರೋ ಪುಣ್ಯಾತ್ಮರು, ಸದಾ ಕೈಯಲ್ಲಿ ವೈರು ಹಿಡಿದಿರುತ್ತಾಳೆ ಅಂತ, ವೈರಕ್ಕ ಎಂದು ಕರೆಯಲು ಶುರುಮಾಡಿದ ದಿನ ಅವಳು ಒಳಗೊಳಗೇ ಹಗುರಾದಳು. ಇನ್ನು ನಿನ್ನ ಹೆಸರೇನು ಅಂತ ಕೇಳುವವರಾದರೂ ತಪ್ಪಿದರು.

ಮಾತು ಕಲಿತ ದಿನದಿಂದಲೂ ಉಗ್ಗು. ಶಾಲೆಯಲ್ಲಿ ಹಾಜರಿ ಕೂಗಿದಾಗ 'ಬಂದಿದ್ದೇನೆ' ಅನ್ನುವಷ್ಟರಲ್ಲಿ ಮೇಷ್ಟ್ರು ಮುಂದಿನ ಮೂರು ಹೆಸರು ದಾಟಿರುತ್ತಿದ್ದರು. ದಿನ ತಪ್ಪದೆ ಶಾಲೆಗೆ ಹೋದವಳು ಪುಸ್ತಕದ ಲೆಕ್ಕದಲ್ಲಿ ಅರ್ಧ ವರ್ಷ ಗೈರು. ಬಾಯಲ್ಲಿ ಕಲ್ಲು ಇಟ್ಟುಕೊಂಡು ಓದು ಅಂದವರುಂಟು, ಉಸಿರು ಬಿಗಿಹಿಡಿ ಅಂದವರುಂಟು. ಬೆಚ್ಚಿಬೀಳಿಸಿದರೆ ಬಿಟ್ಟುಹೋಗುತ್ತದೆ ಅಂತ ಸೋದರಮಾವ ಒಂದು ವರ್ಷ ಪೂರ್ತಿ ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿದ. ಬೆನ್ನು ನೊಂದಿತೇ ಹೊರತು ಉಗ್ಗು ಹೋಗಲಿಲ್ಲ. ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮ ಮಾತ್ರ ಅರಳು ಹುರಿದಂತೆ ಮಾತಾಡುತ್ತಿದ್ದ. "ಅಕ್ಕನ ಪಾಲಿನ ಮಾತನ್ನೂ ಇವನೇ ಹೊಡ್ಕೊಂಡು ಬಂದ" ಅಂತ ಅಮ್ಮ ಬಂದವರಿಗೆಲ್ಲ ಹೇಳಿ ನಗುವಳು. ತಮ್ಮನೂ ನಗುತ್ತಿದ್ದ. ಅಕ್ಕ ಬಾಯಿ ತೆರೆದರೆ ಸಾಕು, ಎರಡನೆಯ ಅಕ್ಷರಕ್ಕೆ ಮುಂಚೆಯೇ ಅವಳ ಮಾತನ್ನು ಮುಗಿಸಿಬಿಡುತ್ತಿದ್ದ. ಹತ್ತರಲ್ಲಿ ಆರು ಸಲ ಅವಳು ಹೇಳಹೊರಟದ್ದು ಬೇರೆಯೇ ಆಗಿರುತ್ತಿತ್ತು. ಅದನ್ನು ತಿದ್ದಲು ಮತ್ತೆ ಬಾಯಿ ತೆರೆಯಬೇಕಲ್ಲ, ಸುಮ್ಮನಾಗುತ್ತಿದ್ದಳು. ಬೇಡದ ಬಣ್ಣದ ಬಟ್ಟೆ, ಬೇಡದ ತರಗತಿ, ಬೇಡದ ಕೆಲಸ ಹೀಗೇ ಅವಳ ಪಾಲಿಗೆ ಬಂದವು.

ಅಪ್ಪನಿಗೆ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಲ್ಲಿ ಯಾರೂ ಮಾತಾಡಬೇಕಿರಲಿಲ್ಲ. ಕೆಟ್ಟ ರೇಡಿಯೋವನ್ನು ಮುಂದಿಟ್ಟರೆ ಅದೇ ತನ್ನ ಕಥೆ ಹೇಳಿಕೊಳ್ಳುತ್ತಿತ್ತು. ಹತ್ತನೆಯ ವಯಸ್ಸಿಗೆ ಅವಳು ಬೆಸುಗೆ ಹಾಕುವುದನ್ನು ಕಲಿತಳು. ಇಪ್ಪತ್ತಕ್ಕೆ ಅಪ್ಪನಿಗಿಂತ ಅವಳ ಕೈಯೇ ವಾಸಿ ಅಂತ ಗಿರಾಕಿಗಳು ಹೇಳತೊಡಗಿದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಬಂದ ಸಂಬಂಧಗಳು ಹುಡುಗಿ ನೋಡಲು ಬಂದ ದಿನವೇ, ಅವಳು ಒಂದು ಲೋಟ ನೀರು ಕೊಟ್ಟು 'ತಗೊಳ್ಳಿ' ಅನ್ನುವುದರೊಳಗೆ, ಮುರಿದುಬಿದ್ದವು. ನಲವತ್ತೊಂದು ತುಂಬಿದಾಗ ಅವಳಿಗೆ ಉಳಿದದ್ದು ಅಮ್ಮ, ತಮ್ಮ ಮತ್ತು ತಮ್ಮನ ಸ್ಟುಡಿಯೋ.

ತಮ್ಮನ ಸ್ಟುಡಿಯೋ ಅನ್ನುವುದು ಬಾಯಿಮಾತಿಗೆ. ಅದು ಮೂರು ಜನ ಹಂಚಿಕೊಂಡ ಜಾಗ. ಚಪ್ಪಲಿ ಅಂಗಡಿಯ ಮೇಲೆ ಮೂರನೆಯ ಮಹಡಿಯಲ್ಲಿ ಹಿಂದೆ ಉಗ್ರಾಣವಾಗಿದ್ದ ಎರಡು ಕೋಣೆ, ನಡುವೆ ಒಂದು ದಪ್ಪ ಗಾಜು. ಗಾಜಿನ ಆಚೆ ಮಾತಾಡುವವರು, ಈಚೆ ಕಂಪ್ಯೂಟರು. ಬೆಳಗ್ಗೆ ಎಂಟರಿಂದ ಸಂಗೀತದ ಟೀಚರು ಪಾಠ ರೆಕಾರ್ಡ್ ಮಾಡಿಕೊಳ್ಳುವರು. ಹನ್ನೊಂದರಿಂದ ಎರಡರವರೆಗೆ ಜಾಹೀರಾತಿಗೆ ದನಿ ಕೊಡುವ ಕಂಚಣ್ಣ. ಮಧ್ಯಾಹ್ನ ತಮ್ಮ. ಸಂಜೆ ಹೊತ್ತು ಯಾರಾದರೂ ಬಾಡಿಗೆಗೆ ಬಂದವರು. ಕಂಪ್ಯೂಟರು ತಮ್ಮನದು, ಮೈಕು ಕಂಚಣ್ಣನದು, ಕಂಬಳಿ ನೆಲಹಾಸು ಟೀಚರದು. ಕೆಲಸ ಎಲ್ಲಾ ವೈರಕ್ಕನದು.

ಅದನ್ನು ಅವಳು ಕಟ್ಟಿದ ರೀತಿಯನ್ನು ನೋಡಬೇಕಿತ್ತು. ಬೀದಿಯ ಹಾರ್ನು ಒಳಗೆ ಬರದ ಹಾಗೆ ಕಿಟಕಿಯ ಸಂದುಗಳಿಗೆ ರಬ್ಬರು ಬಡಿದು, ಹಳೆಯ ಹಾಸಿಗೆಗಳ ಸ್ಪಂಜು ಬಿಡಿಸಿ ಗೋಡೆಗೆ ಅಂಟಿಸಿ, ಕೋಣೆಯ ನಾಲ್ಕು ಮೂಲೆಯಲ್ಲೂ ಚಪ್ಪಾಳೆ ತಟ್ಟಿ ಎಲ್ಲಿ ಸದ್ದು ಮಾರ್ದನಿಸುತ್ತದೆ ಅಂತ ನೋಡಿ ಅಲ್ಲಿಗೆ ಮತ್ತೊಂದು ಕಂಬಳಿ ಇಳಿಬಿಟ್ಟಿದ್ದಳು. ಕೇಬಲ್‌ಗಳಿಗೆ ಬಣ್ಣದ ಟೇಪು: ಕೆಂಪು ಕಂಚಣ್ಣನಿಗೆ, ಹಸಿರು ಟೀಚರಿಗೆ, ಹಳದಿ ತಮ್ಮನಿಗೆ. ಹಂಚಿಕೊಂಡ ಜಾಗ ಅಂದಮೇಲೆ ಒಬ್ಬರು ತಿರುಗಿಸಿದ್ದನ್ನು ಇನ್ನೊಬ್ಬರು ತಿರುಗಿಸಿ ಜಗಳವಾಗುವುದು ಇದ್ದೇ ಇತ್ತಲ್ಲ. ಅದಕ್ಕೆ ಅವಳು ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಿಟ್ಟಳು. ಕಂಚಣ್ಣನ ಫೈಲು ತೆರೆದರೆ ಸಾಕು, ಮೈಕಿನ ಮಟ್ಟ, ಹೆಡ್‌ಫೋನಿನ ಸದ್ದು, ಹಿಂದೆ ಬರುವ ಸಂಗೀತ ಎಲ್ಲಾ ಅವನಿಗೆ ಬೇಕಾದ ಹಾಗೆ ತಂತಾನೇ ಕೂತುಕೊಳ್ಳುತ್ತಿತ್ತು.

ಮೈಕು ಪರೀಕ್ಷೆ ಮಾಡುವವರೆಲ್ಲ ಹಲೋ, ಒಂದು, ಎರಡು ಅನ್ನುತ್ತಾರೆ. ವೈರಕ್ಕ ಬೀಗದ ಕೈ ಗೊಂಚಲು ಆಡಿಸುತ್ತಿದ್ದಳು. ಮರದ ಪೆಟ್ಟಿಗೆಯನ್ನು ಗೆಣ್ಣಿನಿಂದ ಕುಟ್ಟುತ್ತಿದ್ದಳು. ಆ ಸ್ಟುಡಿಯೋದಲ್ಲಿ ಎರಡು ವರ್ಷ ದುಡಿದರೂ ಅವಳ ದನಿ ಒಂದೇ ಒಂದು ಮೈಕಿಗೆ ಬಿದ್ದಿರಲಿಲ್ಲ.

ಕಂಚಣ್ಣನ ಬಗ್ಗೆ ಎರಡು ಮಾತು ಹೇಳಲೇಬೇಕು. ಕಂಚಿನ ಕಂಠ, ಅದಕ್ಕೇ ಆ ಹೆಸರು. ನೋಡಲು ಕುಳ್ಳ, ತಲೆ ಬೋಳು, ಬಸ್ಸಿನಲ್ಲಿ ಪಕ್ಕ ಕೂತರೆ ಯಾರೂ ತಿರುಗಿ ನೋಡುವವರಲ್ಲ. ಬಾಯಿ ತೆರೆದನೆಂದರೆ ಅದೇ ಬಸ್ಸು ನಿಶ್ಶಬ್ದವಾಗುತ್ತಿತ್ತು. ಅವನಿಗೂ ಅದು ಚೆನ್ನಾಗಿ ಗೊತ್ತಿತ್ತು. ಟೀ ಬೇಕು ಅನ್ನುವುದನ್ನೂ ಸಭೆಗೆ ಹೇಳುವವನಂತೆ ಹೇಳುವನು. ಕೆಟ್ಟವನಲ್ಲ. ಆದರೆ ನಗಿಸದೆ ಇರಲಾರ, ನಗಿಸುವುದಕ್ಕೆ ಎದುರಿಗೆ ಒಬ್ಬರು ಬೇಕು, ಆ ಒಬ್ಬರು ಯಾವಾಗಲೂ ತಿರುಗಿ ಬೈಯಲಾರದವರೇ ಆಗಿರುತ್ತಿದ್ದರು.

ಒಂದು ದಿನ ಅವನು ಹೊಸ ಮೈಕು ತಂದ. ವೈರಕ್ಕ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಂಪು ಕೇಬಲ್ ಸೇರಿಸಿ ಎಂದಿನಂತೆ ಬೀಗದ ಕೈ ಆಡಿಸಿದಳು. ಕಂಚಣ್ಣ ಗಾಜಿನ ಈಚೆಯಿಂದ ತಡೆದ.

"ಬೀಗದ ಕೈ ಸದ್ದಿಗೆ ಏನು ಗೊತ್ತಾಗುತ್ತೆ ವೈರಕ್ಕ? ಮನುಷ್ಯರ ದನಿ ಬೇಕು. ನಾನು ಇಲ್ಲಿ ಕೂತು ಕೇಳ್ತೀನಿ, ನೀನು ಮಾತಾಡು."

ಅವಳು ತಲೆ ಅಲ್ಲಾಡಿಸಿದಳು.

"ಇಲ್ಲಿ ಯಾರಿದ್ದಾರೆ, ನಾನೊಬ್ಬ. ನನ್ನ ಹತ್ತಿರ ಏನು ನಾಚಿಕೆ? ಮೈಕು ಸರಿ ಇದೆ ಅನ್ನು, ಸಾಕು."

ಅವಳು ಅಂದಳು. "ಮ… ಮ… ಮ… ಮೈಕು ಸ… ಸ… ಸ… ಸರಿ ಇದೆ."

"ಇನ್ನೊಂದ್ಸಲ. ಸ್ವಲ್ಪ ಹತ್ತಿರ ಬಾ."

ಐದು ಸಲ ಹೇಳಿಸಿದ. ಪ್ರತಿ ಸಲವೂ ಕಣ್ಣುಮುಚ್ಚಿ, ತಲೆ ಬಾಗಿಸಿ, ಮನಸ್ಸಿಟ್ಟು ಕೇಳಿದ. ಕೊನೆಗೆ "ಬಹಳ ಚೆನ್ನಾಗಿ ಬಂದಿದೆ" ಅಂದ. ನಿಜ ಹೇಳಬೇಕೆಂದರೆ ಅವತ್ತು ಮನೆಗೆ ಹೋಗುವಾಗ ವೈರಕ್ಕನಿಗೆ ಖುಷಿಯಾಗಿತ್ತು. ಅಷ್ಟು ತಾಳ್ಮೆಯಿಂದ ಅವಳ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಐಸ್‌ಕ್ರೀಮಿನ ಜಾಹೀರಾತು ಬಂತು. ಮೊದಲು ಢೋಲು ಬಡಿದಂತೆ ಮ-ಮ-ಮ, ಆಮೇಲೆ ತಾಳ ಹಾಕಿದಂತೆ ಸ-ಸ-ಸ, ಅದರ ಮೇಲೆ ಕಂಚಣ್ಣನ ಕಂಠ: 'ನಾಲಿಗೆಯನ್ನೇ ನಡುಗಿಸುವ ತಂಪು.' ವೈರಕ್ಕ ಅದನ್ನು ಮೊದಲು ಕೇಳಿದ್ದು ತರಕಾರಿ ಅಂಗಡಿಯಲ್ಲಿ, ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡು. ಕ್ಷಣಹೊತ್ತು ಅದು ತನ್ನದೇ ಅಂತ ಅವಳಿಗೆ ಹೊಳೆಯಲಿಲ್ಲ. ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆ ಅಂತ ಅವಳಿಗೇನು ಗೊತ್ತು. ಹೊಳೆದಾಗ ಬದನೆಕಾಯಿಯನ್ನು ಅಲ್ಲೇ ಇಟ್ಟು ಬಂದಳು. ದಾರಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಅದನ್ನೇ ಕೂಗುತ್ತಾ, ಒಬ್ಬರ ಬೆನ್ನ ಮೇಲೊಬ್ಬರು ತಾಳ ಬಡಿಯುತ್ತಾ ಹೋಗುತ್ತಿದ್ದರು.

ಮನೆಯಲ್ಲಿ ಅಮ್ಮ ಟಿವಿ ಮುಂದೆ ಕೂತಿದ್ದಳು. ಮಗಳ ಮುಖ ನೋಡಿ ವಿಷಯ ತಿಳಿದವಳಂತೆ ಅಂದಳು, "ನಂಗೆ ಮೊದಲನೇ ದಿನವೇ ಗೊತ್ತಾಯ್ತು. ಹೆತ್ತವಳಿಗೆ ಗೊತ್ತಾಗಲ್ವಾ? ಹೋಗ್ಲಿ ಬಿಡು, ನಲವತ್ತು ವರ್ಷಕ್ಕೆ ನಿನ್ನ ಉಗ್ಗು ಒಂದು ಉಪಯೋಗಕ್ಕಾದ್ರೂ ಬಂತು."

ಮರುದಿನ ಅವಳು ತಮ್ಮನನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಳು.

"ಆ… ಆ… ಆ ಜಾ… ಜಾ…"

"ಜಾಹೀರಾತು. ಕೇಳಿದ್ಯಾ? ಎಷ್ಟು ಓಡ್ತಿದೆ ನೋಡಕ್ಕ."

"ತೆ… ತೆ… ತೆಗಿ…"

"ತೆಗೆಸೋಕಾಗುತ್ತಾ ಈಗ? ಅದು ಅವರ ಸೊತ್ತು. ನಿಂದು ಅಂತ ಹೆಸರು ಬರೆದಿದೆಯಾ ಅದರಲ್ಲಿ? ಯಾರಿಗೆ ಗೊತ್ತಾಗುತ್ತೆ?" ತಮ್ಮ ಅವಳ ಭುಜ ತಟ್ಟಿದ. "ನೀನು ಎಲ್ಲದನ್ನೂ ಮನಸ್ಸಿಗೆ ಹಚ್ಕೋತೀಯ."

ಯಾರಿಗೂ ಗೊತ್ತಾಗದೆ ಉಳಿದಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ನುಂಗಿಕೊಂಡೇ ಬೆಳೆದವಳು. ಆದರೆ ಕಂಚಣ್ಣ ಸುಮ್ಮನಿರಬೇಕಲ್ಲ. ಐಸ್‌ಕ್ರೀಮ್ ಕಂಪನಿಯ ಐದು ಜನ ಸ್ಟುಡಿಯೋ ನೋಡಲು ಬಂದ ದಿನ, ನೆಲದ ಮೇಲೆ ಮೊಣಕಾಲೂರಿ ಕೇಬಲ್ ಸುತ್ತುತ್ತಿದ್ದ ಅವಳ ಕಡೆ ಕೈ ತೋರಿಸಿ, "ಇವರೇ ನಮ್ಮ ಸ್ಟಾರು" ಅಂದ. "ವೈರಕ್ಕ, ಒಂದ್ಸಲ ಹೇಳಿಬಿಡು. ಅಷ್ಟು ದೂರದಿಂದ ಬಂದಿದ್ದಾರೆ."

ಅವಳು ತಮ್ಮನ ಕಡೆ ನೋಡಿದಳು. ತಮ್ಮ ಕಣ್ಣಲ್ಲೇ 'ಹೇಳು, ಮುಗಿಸು' ಅಂದ. ಬಂದವರು ಕಾದು ನಿಂತರು. ಬೇಡ ಅನ್ನಬೇಕು ಅಂತ ಅವಳು ಬಾಯಿ ತೆರೆದಳು. "ಬ… ಬ… ಬ…" ಅಷ್ಟಕ್ಕೇ ಐದೂ ಜನ ನಕ್ಕರು. ಒಬ್ಬ ಚಪ್ಪಾಳೆ ತಟ್ಟಿದ. ಬೇಡ ಅನ್ನುವುದನ್ನೇ ಅವರು ಆಟ ಅಂದುಕೊಂಡರು. ಅಂದಿನಿಂದ ಬಂದವರಿಗೆಲ್ಲ ಹಾಗೆ ಪರಿಚಯ ಮಾಡಿಕೊಡುವುದು ಕಂಚಣ್ಣನ ಪದ್ಧತಿಯೇ ಆಯಿತು.

ಆ ನಡುವೆ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರು ಹಾಕುವ ಕೆಲಸ ಬಂತು. ಹಳೆಯದು ಪದೇ ಪದೇ ನಿಂತುಹೋಗುತ್ತಿತ್ತು. ವೈರಕ್ಕ ಒಂದು ಭಾನುವಾರ ಬೆಳಗ್ಗೆ ಬಂದು ಒಬ್ಬಳೇ ಕೂತು ಎಲ್ಲರ ಫೈಲುಗಳನ್ನೂ ಹೊಸದಕ್ಕೆ ಕೂಡಿಸಿದಳು. ಒಂದು ಕಡೆ ಅಳತೆ ತಪ್ಪಿತ್ತು. ಮೈಕಿಗೆ ಬಿದ್ದ ಸದ್ದು ಹೆಡ್‌ಫೋನಿಗೆ ತಡವಾಗಿ ಬರುತ್ತಿತ್ತು. ಒಂದು ಸೆಕೆಂಡನ್ನು ಐದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ತಡ. ಎಷ್ಟು ತಡ ಅಂತ ನೋಡಲು ಬೀಗದ ಕೈ ಸಾಲದೆ, ಹೇಗೂ ಯಾರೂ ಇಲ್ಲವಲ್ಲ ಅಂತ, ಮೈಕಿನ ಡಬ್ಬಿಯ ಮೇಲಿದ್ದ ಸೂಚನೆಯನ್ನು ಓದಿದಳು. 'ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬಿಸಿಲಿಗೆ ಇಡಬೇಡಿ.'

ಓದಿ ನಿಲ್ಲಿಸಿದಳು. ಮತ್ತೆ ಓದಿದಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ತನ್ನ ಹಿಂದೆ ಒಂದು ಹೆಜ್ಜೆ ತಡವಾಗಿ ಯಾರೋ ಅದನ್ನೇ ಹೇಳುತ್ತಾ ಬರುತ್ತಿದ್ದರು. ಆ ಜೊತೆ ಸಿಕ್ಕಿದ್ದೇ ನಾಲಿಗೆ ಸರಾಗವಾಯಿತು. ಡಬ್ಬಿಯ ನಾಲ್ಕು ಮುಖವನ್ನೂ ಓದಿದಳು. ಆಮೇಲೆ ತನ್ನ ಹೆಸರನ್ನು ಹೇಳಿದಳು. ಹೆಡ್‌ಫೋನ್ ತೆಗೆದು ಹೇಳಿದಳು, ಸಿಕ್ಕಿಕೊಂಡಿತು. ಹಾಕಿಕೊಂಡು ಹೇಳಿದಳು, ಬಂತು. ಹೀಗೆ ಎಷ್ಟು ಸಲ ಮಾಡಿದಳೋ, ಗಂಟಲು ಒಣಗಿದಾಗ ನೋಡಿದರೆ ಹನ್ನೆರಡು ಗಂಟೆ.

ಸೋಮವಾರ ಅದನ್ನು ಸರಿಪಡಿಸುವ ಮುಂಚೆಯೇ ಸಂಗೀತದ ಟೀಚರು ಬೇಗ ಬಂದು ಹೆಡ್‌ಫೋನ್ ಹಾಕಿಕೊಂಡು ಪಾಠ ಶುರುಮಾಡಿಬಿಟ್ಟರು. ಎರಡು ವಾಕ್ಯ ದಾಟಲಿಲ್ಲ. ಮಾತು ಎಳೆದಂತಾಯಿತು, ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಟೀಚರು ಹೆಡ್‌ಫೋನ್ ಕಿತ್ತಿಟ್ಟರು.

"ಏನು ಮಾಡಿದ್ಯೇ ಇದಕ್ಕೆ? ನಾಲಿಗೆ ತೊಡರ್ತಾ ಇದೆ. ನನ್ನ ದನಿ ನಂಗೇ ಹಿಂದೆ ಬೀಳ್ತಿದೆ. ಸರಿಮಾಡು ಮಾರಾಯ್ತಿ, ಕುಡಿದವರ ಹಾಗೆ ಆಗೋಯ್ತು."

ವೈರಕ್ಕ ಸರಿಮಾಡಿದಳು. ಟೀಚರ ಫೈಲಿನಲ್ಲಿ, ತಮ್ಮನ ಫೈಲಿನಲ್ಲಿ. ಕಂಚಣ್ಣನ ಫೈಲಿಗೆ ಬಂದಾಗ ಅವಳ ಕೈ ನಿಂತಿತು. ತನಗೆ ಮಾತು ಕೊಟ್ಟದ್ದು ಸರಾಗವಾಗಿ ಮಾತಾಡುವವರ ಮಾತನ್ನು ಕಸಿಯುತ್ತದೆ ಅಂತ ಅವಳಿಗೆ ಅರ್ಥವಾಗಿತ್ತು. ಅಲ್ಲಿ ಅವಳು ಆ ತಡವನ್ನು ಅಳಿಸಲಿಲ್ಲ. ಕೀಬೋರ್ಡಿನ ಒಂದು ಗುಂಡಿಗೆ ಕಟ್ಟಿಹಾಕಿದಳು. ಒತ್ತಿದರೆ ತಡ, ಇನ್ನೊಮ್ಮೆ ಒತ್ತಿದರೆ ನೆಟ್ಟಗೆ. ಆವತ್ತೇ ಏನೋ ಮಾಡಬೇಕು ಅಂತ ಲೆಕ್ಕ ಹಾಕಿದ್ದಳೆಂದಲ್ಲ. ಚಾಕು ಕೈಗೆ ಸಿಕ್ಕಿತು, ಸೆರಗಿಗೆ ಸಿಕ್ಕಿಸಿಕೊಂಡಳು, ಅಷ್ಟೆ.

ತಿಂಗಳಾಗಿಲ್ಲ, ಕಂಚಣ್ಣನಿಗೆ ಅವನ ಜೀವಮಾನದ ಕೆಲಸ ಸಿಕ್ಕಿತು. ಬಸ್ ನಿಲ್ದಾಣಗಳಿಗೆಲ್ಲ ಒಂದೇ ದನಿಯಲ್ಲಿ ಪ್ರಕಟಣೆ. ಇನ್ನೂರು ಚಿಲ್ಲರೆ ಊರುಗಳ ಹೆಸರು, ನಾಲ್ಕು ದಿನದ ಕೆಲಸ. ಒಮ್ಮೆ ಓದಿಕೊಟ್ಟರೆ ಹತ್ತು ವರ್ಷ ಅವನ ದನಿ ಎಲ್ಲಾ ನಿಲ್ದಾಣದಲ್ಲೂ ಮೊಳಗುತ್ತದೆ. ಹೊಸ ಅಂಗಿ ಹೊಲಿಸಿಕೊಂಡು ಬಂದ. ಕಂಪನಿಯಿಂದ ಒಬ್ಬ ಮೇಡಂ ಬಂದು ಗಾಜಿನ ಈಚೆ ಕೂತರು. ಪ್ರತಿ ಪ್ರಕಟಣೆಗೂ ಮುಂಚೆ ಟಿಂಗ್ ಅಂತ ಗಂಟೆಯ ನಾದ. ಅದನ್ನು ಕೇಳಿ ಸರಿಯಾದ ಹೊತ್ತಿಗೆ ಮಾತೆತ್ತಬೇಕು, ಹಾಗಾಗಿ ಹೆಡ್‌ಫೋನ್ ತೆಗೆಯುವಂತಿರಲಿಲ್ಲ.

ಒಳಗೆ ಹೋಗುವ ಮುಂಚೆ ಅವನು ಮೇಡಂಗೆ ವೈರಕ್ಕನನ್ನು ಪರಿಚಯ ಮಾಡಿಸಿದ. ಎಂದಿನ ಹಾಗೇ. ಮೇಡಂ ಸೌಜನ್ಯಕ್ಕೆ ನಕ್ಕರು.

ಮೊದಲ ಹತ್ತು ಊರು ಬೆಣ್ಣೆಯಂತೆ ಬಂದವು. ಹನ್ನೊಂದನೆಯದಕ್ಕೆ ವೈರಕ್ಕ ಗುಂಡಿ ಒತ್ತಿದಳು.

ಕಂಚಣ್ಣ ತಡವರಿಸಿದ. ನಿಲ್ಲಿಸಿದ. "ಹೆಡ್‌ಫೋನಲ್ಲಿ ನನ್ನ ದನಿ ತಡವಾಗಿ ಬರ್ತಿದೆ, ನೋಡು" ಅಂದ. ವೈರಕ್ಕ ಗುಂಡಿ ಒತ್ತಿ ನೆಟ್ಟಗೆ ಮಾಡಿ, ಒಳಗೆ ಹೋಗಿ, ಹೆಡ್‌ಫೋನ್ ತಾನು ಹಾಕಿಕೊಂಡು, ಬೀಗದ ಕೈ ಆಡಿಸಿ, ಏನೂ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ತಮ್ಮನೂ ಹೋಗಿ ಕೇಳಿದ. "ಸರಿಯಾಗೇ ಇದೆಯಲ್ಲಣ್ಣ." ಮೇಡಂ ಕೂಡ ಕೇಳಿ ನೋಡಿದರು. ಸರಿಯಾಗಿಯೇ ಇತ್ತು. ಅವಳು ವಾಪಸು ಬಂದು ಕೂತಳು. ಕಂಚಣ್ಣ ಐದು ಊರು ಓದಿದ. ಮತ್ತೆ ಒತ್ತಿದಳು.

ಮೊದಲ ದಿನ ಹೀಗೆ ಆರು ಸಲ. ಎರಡನೆಯ ದಿನ ಹದಿನೈದು. ಸಿಕ್ಕ ಸಿಕ್ಕಲ್ಲಿ ಒತ್ತಲಿಲ್ಲ. ಅವನಿಗೆ ಇಷ್ಟವಾದ, ಎದೆಯುಬ್ಬಿಸಿ ಹೇಳುವ ದೊಡ್ಡ ದೊಡ್ಡ ಹೆಸರುಗಳನ್ನೇ ಆರಿಸಿ ಒತ್ತಿದಳು. ಅವನು ಪ್ರತಿ ಸಲ ದೂರಿದ, ಪ್ರತಿ ಸಲ ಕೇಳಿದವರು ಸರಿಯಿದೆ ಅಂದರು. ಮೂರನೆಯ ಸಲದ ಮೇಲೆ ಮೇಡಂ ಕೇಳಲು ಏಳಲೂ ಇಲ್ಲ. "ಸರ್, ನಿಮ್ಗೆ ಸುಸ್ತಾಗಿರ್ಬೇಕು" ಅಂದರು. ಒಂದು ಕಿವಿ ತೆರೆದಿಟ್ಟು ಓದಿ ನೋಡಿದ. ಗಂಟೆಯ ನಾದ ಸೋರಿ ಮೈಕಿಗೆ ಬೀಳುತ್ತದೆ ಅಂತ ವೈರಕ್ಕ ಚೀಟಿಯಲ್ಲಿ ಬರೆದು ತೋರಿಸಿದಳು. ಅದು ಸುಳ್ಳಲ್ಲ. ಅವನು ಕಿವಿ ಮುಚ್ಚಿಕೊಂಡ.

ಮೂರನೆಯ ದಿನ ಅವನು ಬಂದಾಗಲೇ ಬೆವರುತ್ತಿದ್ದ. ಹೊಸ ಅಂಗಿಯ ಕಂಕುಳು ತೊಯ್ದಿತ್ತು. ಕುರ್ಚಿಯಲ್ಲಿ ಕೂತು ಹೆಡ್‌ಫೋನನ್ನು, ಕಚ್ಚುವ ಪ್ರಾಣಿಯನ್ನು ಎತ್ತುವ ಹಾಗೆ, ಎತ್ತಿ ತಲೆಗಿಟ್ಟುಕೊಂಡ. ವೈರಕ್ಕ ಆ ಬೆಳಗ್ಗೆ ಗುಂಡಿ ಮುಟ್ಟಿರಲೇ ಇಲ್ಲ. ನಾದ ಬಂತು. "ಪ್ರ… ಪ್ರಯಾಣಿಕರ ಗ… ಗ…" ಅಂದು ಅವನು ನಿಂತ. ಅವಳ ಕೈ ಮಡಿಲಲ್ಲಿತ್ತು. ಮತ್ತೆ ಪ್ರಯತ್ನಿಸಿದ. "ಗ… ಗ… ಗ…"

ಬಿಗಿಯಾದ ಗಾಳಿಯನ್ನು ಸಡಿಲಿಸೋಣ ಅಂದುಕೊಂಡನೋ ಏನೋ, ಗಾಜಿನ ಆಚೆಯವರ ಜೊತೆ ಮಾತಾಡುವ ಗುಂಡಿಯನ್ನು ತಮ್ಮ ಒತ್ತಿ ಹೇಳಿದ: "ಮ-ಮ-ಮ, ಸ-ಸ-ಸ." ಮೇಡಂ ಕೈಯಿಂದ ಬಾಯಿ ಮುಚ್ಚಿಕೊಂಡರು, ಆದರೂ ನಗು ತಡೆಯಲಿಲ್ಲ. ಗಾಜಿನ ಆಚೆ ಕಂಚಣ್ಣ ಅವರಿಬ್ಬರ ಅಲ್ಲಾಡುವ ಭುಜ ನೋಡಿದ. ಆಮೇಲೆ ವೈರಕ್ಕನನ್ನು ನೋಡಿದ. ಅವಳು ನಗುತ್ತಿರಲಿಲ್ಲ. ಇಡೀ ಕೋಣೆಯಲ್ಲಿ ನಗದವಳು ಅವಳೊಬ್ಬಳೇ ಅಂತ ಅವನು ಅವಳ ಕಡೆಗೇ ನೋಡುತ್ತಾ ಕೂತ. ಅವಳಿಗೆ ಹೊಟ್ಟೆಯೊಳಗೆ ಬೆಚ್ಚಗೆ ಏನೋ ಹರಿದಂತಾಯಿತು. ಅಂಥ ಸುಖ ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ.

ನಾಲ್ಕನೆಯ ದಿನ ಅವನು ಬರಲಿಲ್ಲ. ಕೆಲಸ ಬೇರೆ ಯಾರಿಗೋ ಹೋಯಿತು.

ಕಿವಿಯ ಡಾಕ್ಟರು ಕಿವಿ ನೋಡಿ ಇಪ್ಪತ್ತರ ಹುಡುಗನ ಕಿವಿ ಅಂದರಂತೆ. ಗಂಟಲಿನ ಡಾಕ್ಟರು ಗಂಟಲಲ್ಲಿ ಏನೂ ಇಲ್ಲ ಅಂದರಂತೆ. ಇದನ್ನೆಲ್ಲ ತಮ್ಮ ಬಂದು ಅಮ್ಮನಿಗೆ ಹೇಳಿ, ಕಂಚಣ್ಣ ಅಂಗಡಿಯಲ್ಲಿ ಬ್ರೆಡ್ಡು ಕೇಳಲು ಹೋಗಿ ಸಿಕ್ಕಿಬಿದ್ದದ್ದನ್ನು ಅಭಿನಯಿಸಿ ತೋರಿಸಿದ. ಅಮ್ಮ ಬಿದ್ದು ಬಿದ್ದು ನಕ್ಕಳು. ಅಕ್ಕನ ಮುಂದೆ ಉಗ್ಗನ್ನು ಆಡಿ ತೋರಿಸುತ್ತಿದ್ದೇವೆ ಅಂತ ಇಬ್ಬರಿಗೂ ಅನ್ನಿಸಲಿಲ್ಲ. ವೈರಕ್ಕ ತಟ್ಟೆ ತೊಳೆಯುತ್ತಾ ಎಲ್ಲಾ ಕೇಳಿಸಿಕೊಂಡಳು.

ಮುಂದಿನ ವಾರ ಕಂಚಣ್ಣನ ಹೆಂಡತಿ ಸ್ಟುಡಿಯೋಗೆ ಬಂದಳು. ಬೆಳಗ್ಗೆ ಹತ್ತೂವರೆ ಹೊತ್ತು; ಟೀಚರು ಆಗಷ್ಟೇ ಹೋಗಿದ್ದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ. ಕೂರು ಅಂದರೂ ಕುರ್ಚಿಯ ತುದಿಯಲ್ಲಿ ಕೂತಳು.

"ಅಕ್ಕ, ನಿಮ್ಮ ಹತ್ರ ಒಂದು ಕೇಳ್ಬೇಕು. ತಪ್ಪು ತಿಳೀಬೇಡಿ. ನಿಮಗೆ ಚಿಕ್ಕಂದಿನಿಂದ ಇದೆಯಲ್ಲ, ಅದಕ್ಕೆ."

ವೈರಕ್ಕ ತಲೆಯಾಡಿಸಿದಳು.

"ಮನೇಲೂ ಹಾಗೇ ಆಗಿದೆ. ಹೆಡ್‌ಫೋನು ಇಲ್ಲ, ಮೈಕು ಇಲ್ಲ, ಆದ್ರೂ ಬಾಯಿ ತೆರೆದ್ರೆ ಹೆದರ್ತಾರೆ. ಮೊನ್ನೆ ಮಗಳನ್ನ ಕರೆಯೋಕೆ ಹೋದ್ರು, ಅವಳ ಹೆಸರೇ ಹೊರಡ್ಲಿಲ್ಲ. ಅವಳು ಅಪ್ಪ ತಮಾಷೆ ಮಾಡ್ತಿದ್ದಾರೆ ಅಂತ ಅಣಕಿಸಿದ್ಲು. ಎಂಟು ವರ್ಷದ ಮಗು, ಅದಕ್ಕೇನು ಗೊತ್ತು. ಇವರು ಅವಳ ಕೆನ್ನೆಗೆ ಹೊಡೆದುಬಿಟ್ರು. ಒಂದು ದಿನ ಕೈ ಮಾಡಿದವರಲ್ಲ. ಹೊಡೆದು ತಾವೇ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು." ಅವಳು ಚೀಲದ ಹಿಡಿಯನ್ನು ಹಿಂಡುತ್ತಿದ್ದಳು. "ಯಾಕೆ ಬಂತು, ಹೇಗೆ ಹೋಗುತ್ತೆ, ಏನಾದ್ರೂ ಗೊತ್ತಿದ್ರೆ ಹೇಳಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ."

ಆ ಮಗು ವೈರಕ್ಕನ ಲೆಕ್ಕದಲ್ಲಿರಲಿಲ್ಲ. ಹೇಳಿಬಿಡೋಣ ಅನ್ನಿಸಿತು. ನಾನೇ ಮಾಡಿದ್ದು, ಅವನ ಕಿವಿಗೆ ಏನೂ ಆಗಿಲ್ಲ, ನಾಲಿಗೆಗೆ ಏನೂ ಆಗಿಲ್ಲ, ಹೋಗಿ ಹೇಳು, ಅವನು ಬಂದು ನನ್ನನ್ನು ಹೊಡೆಯಲಿ. ಇಷ್ಟೂ ಮಾತು ಎದೆಯಲ್ಲಿ ಸಾಲಾಗಿ ನಿಂತಿತ್ತು. ಮೊದಲ ಮಾತು 'ನಾನೇ.' ಅವಳು ಬಾಯಿ ತೆರೆದಳು.

"ನಾ… ನಾ… ನಾ…"

ಹೆಂಡತಿ ಮುಂದಕ್ಕೆ ಬಾಗಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಪಾಪ, ಸಹಾಯ ಮಾಡಲು ಹೋದಳು.

"ನಾಲಿಗೆ? ನಾಲಿಗೆಗೆ ವ್ಯಾಯಾಮ ಮಾಡಿಸ್ಬೇಕಾ ಅಕ್ಕ?"

ವೈರಕ್ಕ ಅವಳ ಮುಖ ನೋಡಿದಳು. ಅಲ್ಲ ಅನ್ನಲು ಒಂದೇ ಒಂದು ಸಲ ತಲೆ ಅಡ್ಡ ಆಡಿಸಿದ್ದರೆ ಸಾಕಿತ್ತು. ಅವಳು ಹೌದು ಅಂತ ತಲೆಯಾಡಿಸಿದಳು.

"ಹೇಗೆ ಮಾಡೋದು?"

ಕಾಗದ ತೆಗೆದುಕೊಂಡು ಬರೆದಳು. ಬಾಯಲ್ಲಿ ಸಣ್ಣ ಕಲ್ಲು ಇಟ್ಟುಕೊಂಡು ಓದಬೇಕು. ಉಸಿರು ಬಿಗಿಹಿಡಿದು ಮಾತಾಡಬೇಕು. ಇದ್ದಕ್ಕಿದ್ದಂತೆ ಬೆಚ್ಚಿಬೀಳಿಸಿದರೂ ಕೆಲವರಿಗೆ ಹೋಗುತ್ತದೆ. ಒಂದೂ ಕೆಲಸಕ್ಕೆ ಬಾರದ್ದು ಅಂತ ಅವಳಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಆ ಹೆಂಗಸು ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಎರಡು ತಿಂಗಳ ಮೇಲೆ ಕಂಚಣ್ಣ ತನ್ನ ಮೈಕು ಒಯ್ಯಲು ಬಂದ. ಜಾಗದ ಪಾಲು ಬಿಟ್ಟುಕೊಟ್ಟಿದ್ದ. ಗಡ್ಡ ಬೆಳೆದಿತ್ತು, ಒಂದು ಕೆನ್ನೆಯ ಒಳಗೆ ಹುಣ್ಣಾದವರ ಹಾಗೆ ಊದಿತ್ತು. ವೈರಕ್ಕ ಕೆಂಪು ಟೇಪು ಬಿಚ್ಚಿ ಮೈಕನ್ನು ಡಬ್ಬಿಗೆ ಇಳಿಸುವಾಗ ಅವನು ಅವಳ ಎದುರು ನಿಂತೇ ಇದ್ದ. ಮಾತು ಬರಲು ಬಹಳ ಹೊತ್ತು ಹಿಡಿಯಿತು. ಅವಳು ತಡೆಯಲೂ ಇಲ್ಲ, ಅವನ ಮಾತನ್ನು ತಾನು ಮುಗಿಸಲೂ ಇಲ್ಲ.

"ವೈ… ವೈರಕ್ಕ. ನಂಗೆ ಗೊ… ಗೊತ್ತಿರ್ಲಿಲ್ಲ. ಹೀ… ಹೀಗಿರುತ್ತೆ ಅಂತ. ಆ ಐಸ್… ಐಸ್‌ಕ್ರೀಮು. ತ… ತಪ್ಪಾಯ್ತು."

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಅವತ್ತು ನೀ… ನೀನೊಬ್ಬಳೇ ನಗ್ಲಿಲ್ಲ" ಅಂದ. ಆ ಮಾತು ಮಾತ್ರ ಹೆಚ್ಚು ಕಡಿಮೆ ಸರಾಗವಾಗಿಯೇ ಬಂತು.

ಅವಳು ಡಬ್ಬಿಯನ್ನು ಅವನ ಕೈಗಿಟ್ಟಳು. ಅವನು ಮೈಕನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲಿಳಿದ.

ಪಶ್ಚಾತ್ತಾಪವಾಯಿತೇ ಅಂದರೆ, ಆಯಿತು. ಆದರೆ ಆ ಮೂರನೆಯ ದಿನದ ಸುಖವನ್ನು ವಾಪಸು ಕೊಡು ಅಂದಿದ್ದರೆ ಕೊಡುತ್ತಿರಲಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು. ತಮ್ಮನ ಮೇಲೆ ಅವಳು ಎಂದೂ ಏನೂ ಮಾಡಲಿಲ್ಲ. ತಮ್ಮನ ಮನೆಯಲ್ಲಿ ಇರಬೇಕಾದವಳು.

ಕಂಚಣ್ಣ ಈಗ ಭಾವಮೈದುನನ ಔಷಧಿ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾನೆ. ಮಗಳ ಜೊತೆ ಸ್ವಲ್ಪ ಸ್ವಲ್ಪ ಮಾತಾಡುತ್ತಾನಂತೆ, ಹೊರಗಿನವರ ಹತ್ತಿರ ಬರೆದು ತೋರಿಸುತ್ತಾನಂತೆ. ಹನ್ನೊಂದರಿಂದ ಎರಡರವರೆಗಿನ ಹೊತ್ತನ್ನು ವಿಜ್ಞಾನದ ಮೇಷ್ಟ್ರೊಬ್ಬರು ಹಿಡಿದಿದ್ದಾರೆ. ಬಂದ ಮೊದಲ ದಿನ ಕುರ್ಚಿ ತಗ್ಗಾಯಿತು ಅಂದರು. ವೈರಕ್ಕ ಬಗ್ಗಿ ಸ್ಕ್ರೂ ತಿರುಗಿಸಿ ಎರಡು ಬೆರಳು ಎತ್ತರಿಸಿ, ಸಾಕೇ ಅಂತ ಕೈಯಲ್ಲೇ ಕೇಳಿದಳು.